ಮೊದಲ ಪಾದ ಎಲ್ಲಿ ಹೋಯಿತು?

ಭಾಮಿನೀ ಷಟ್ಪದಿಯ ಲೆಕ್ಕ ಕನ್ನಡ ಓದಿದವರಿಗೆ ಹೊಸದಲ್ಲ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ೩-೪-೩-೪ರ ಗಣಕ್ರಮದಿಂದ ೧೪ ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಅದೇ ಕ್ರಮ ಮುಂದುವರಿದು, ಕೊನೆಗೊಂದು ಗುರು ಬಂದು, ೨೩ ಮಾತ್ರೆಗಳು. ಒಟ್ಟು ೧೦೨. ಬೆರಳು ಮಡಿಸಿಯೇ ಹೇಳಬಹುದಾದ ಈ ಮೊತ್ತವನ್ನು ಕಂಪ್ಯೂಟರಿನ ಬಾಯಿಂದ ಹೇಳಿಸಹೊರಟ ಸಾಹಿತ್ಯದ ವಿದ್ಯಾರ್ಥಿನಿಯೊಬ್ಬಳನ್ನು ವಾಚಕರು ಕಲ್ಪಿಸಿಕೊಳ್ಳಲಿ. ಪೈಥಾನ್ ಕಲಿಯಲಾರಂಭಿಸಿ ಆಕೆಗೆ ಇನ್ನೂ ವಾರ ತುಂಬಿಲ್ಲ. ‘ಕನ್ನಡ ಎಂ.ಎ.ಗೆ ಇದೆಲ್ಲ ಏತಕ್ಕಮ್ಮ?’ ಎಂದು ಮನೆಯವರು ನಕ್ಕಿದ್ದಾರೆ. ಉತ್ತರ ಆಕೆಯ ಬಳಿಯೂ ಇಲ್ಲ.

ಪೈಥಾನ್ ಎಂದೊಡನೆ ಹೆಬ್ಬಾವು ನೆನಪಾಗುವುದು ಸಹಜ. ಆದರೆ ಈ ಭಾಷೆಗೂ ಹಾವಿಗೂ ಸಂಬಂಧವಿಲ್ಲ. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರವೊಂದರಲ್ಲಿದ್ದ ಗೀಡೊ ವಾನ್ ರೋಸಮ್ ೧೯೮೯ರ ಕ್ರಿಸ್‌ಮಸ್ ರಜೆಯಲ್ಲಿ ಇದರ ರಚನೆಗೆ ತೊಡಗಿದರು. ೧೯೯೧ರಲ್ಲಿ ಅದು ಹೊರಬಂದಿತು. ಹೆಸರು ‘ಮಾಂಟಿ ಪೈಥಾನ್’ ಎಂಬ ಬ್ರಿಟಿಷ್ ಹಾಸ್ಯತಂಡದ್ದು. ನಗಿಸುವವರ ಹೆಸರು ಹೊತ್ತ ಈ ಭಾಷೆ ಹೊಸಬರನ್ನು ಅಳಿಸುವುದೂ ಉಂಟು.

ಆಕೆ ಚೌಕ ಕಂಸಗಳ ನಡುವೆ ಆರು ಪಾದಗಳ ಮಾತ್ರಾಸಂಖ್ಯೆಗಳನ್ನು ಅಲ್ಪವಿರಾಮವಿಟ್ಟು ಸಾಲಾಗಿ ಬರೆದಳು. ಇದಕ್ಕೆ ಲಿಸ್ಟ್ ಎಂದು ಹೆಸರು. ಅದನ್ನು ‘ಪಾದಗಳು’ ಎಂದು ಕನ್ನಡ ಅಕ್ಷರಗಳಲ್ಲಿಯೇ ಕರೆದಳು. ಪೈಥಾನಿನ ಮೂರನೆಯ ಆವೃತ್ತಿ ಇದಕ್ಕೆ ಅಡ್ಡಿ ಹೇಳುವುದಿಲ್ಲ. ‘ಮೊತ್ತ’ವನ್ನು ಸೊನ್ನೆಯೆಂದಿಟ್ಟು, ಒಂದೊಂದು ಪಾದದ ಸಂಖ್ಯೆಯನ್ನೂ ತೆಗೆದು ಅದಕ್ಕೆ ಕೂಡಿಸುವ ಲೂಪನ್ನು ಬರೆದಳು. ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಈ ಲೂಪಿಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ತಿಳಿಸಬೇಕಷ್ಟೆ. ‘ರೇಂಜ್’ ಎಂಬ ಮಾತಿನ ಮುಂದೆ ೧ ಮತ್ತು ೬ ಎಂದು ಕೊಟ್ಟಳು. ಇದಕ್ಕಿಂತ ಸ್ಪಷ್ಟವಾದ ಅಪ್ಪಣೆಯುಂಟೆ? ಯಂತ್ರ ತಕರಾರಿಲ್ಲದೆ ಉತ್ತರಿಸಿತು: ೮೮.

ಯಂತ್ರ ಯಾವ ದೋಷವನ್ನೂ ತೋರಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಛಂದಸ್ಸು ತಿಳಿಯದವಳಾಗಿದ್ದರೆ ಆಕೆ ೮೮ನ್ನೇ ನಂಬಿ ಏಳುತ್ತಿದ್ದಳು. ೧೪ ಮಾತ್ರೆಗಳು ಕಾಣೆಯಾಗಿವೆ. ಆದರೆ ೧೪ರ ಪಾದಗಳು ನಾಲ್ಕಿವೆಯಲ್ಲ, ಕಳೆದುಹೋದದ್ದು ಯಾವುದು? ಲೂಪಿನೊಳಗೊಂದು ಪ್ರಿಂಟ್ ಸೇರಿಸಿ, ಪ್ರತಿ ಸುತ್ತಿನಲ್ಲಿ ಕೈಗೆ ಬಂದುದನ್ನು ತೆರೆಯ ಮೇಲೆ ತೋರಿಸುವಂತೆ ಮಾಡಿದಳು. ಮೊದಲು ೧೪ ಬಂದಿತು. ಅದರ ಹಿಂದೆಯೇ ೨೩. ಎರಡು ೧೪ಗಳು ಬರಬೇಕಾದಲ್ಲಿ ಒಂದೇ! ಮೊದಲ ಪಾದವನ್ನೇ ಯಂತ್ರ ಓದಿಲ್ಲ.

ಲಿಸ್ಟಿನ ಸ್ಥಾನಗಳನ್ನು ಪೈಥಾನ್ ಸೊನ್ನೆಯಿಂದ ಎಣಿಸುತ್ತದೆ. ರೇಂಜ್ ಎಂಬುದಾದರೋ ಮೊದಲ ಸಂಖ್ಯೆಯನ್ನು ಒಳಗೆ ಬಿಟ್ಟುಕೊಂಡು ಕೊನೆಯದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಆದುದರಿಂದ ಆಕೆಯ ಲೂಪು ೧ರಿಂದ ೫ರವರೆಗೆ ನಡೆದು, ಸೊನ್ನೆಯ ಮನೆಯನ್ನು ತಟ್ಟಲೇ ಇಲ್ಲ. ಕೊನೆಯನ್ನು ೭ ಎಂದಿದ್ದರೆ, ಆರನೆಯ ಸ್ಥಾನವೇ ಇಲ್ಲವೆಂದು ಯಂತ್ರ ಗದರಿ ನಿಲ್ಲುತ್ತಿತ್ತು. ಆ ಗದರಿಕೆ ಉಪಕಾರವಾಗುತ್ತಿತ್ತು.

ಈ ವಿಚಿತ್ರ ಎಣಿಕೆಯನ್ನು ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ ೧೯೮೨ರ ಚಿಕ್ಕ ಟಿಪ್ಪಣಿಯೊಂದರಲ್ಲಿ ಸಮರ್ಥಿಸಿದ್ದಾರೆ. ಆರಂಭವನ್ನು ಸೇರಿಸಿ ಅಂತ್ಯವನ್ನು ಬಿಟ್ಟರೆ, ಅಂತ್ಯದಲ್ಲಿ ಆರಂಭವನ್ನು ಕಳೆದೊಡನೆ ವಸ್ತುಗಳೆಷ್ಟೆಂಬುದು ಸಿಗುತ್ತದೆ. ಸೊನ್ನೆಯಿಂದ ಆರು: ಆರು ಪಾದಗಳು. ಬುದ್ಧಿ ಇದನ್ನು ಒಂದೇ ಓದಿಗೆ ಒಪ್ಪೀತು. ಬೆರಳು ಒಪ್ಪಲು ಹಲವು ಸಂಜೆಗಳು ಬೇಕು. ಆಕೆ ೧ನ್ನು ಅಳಿಸಿ ೦ ಎಂದು ಬರೆದಳು. ೧೦೨ ಬಂದಿತು.

ಪದ್ಯ ಪದ್ಯಕ್ಕೂ ಇಷ್ಟನ್ನೆಲ್ಲ ಮತ್ತೆ ಬರೆಯುವುದು ಬೇಡವೆಂದು ಅದನ್ನೊಂದು ಫಂಕ್ಷನ್ ಮಾಡಿದಳು. ಫಂಕ್ಷನ್ ಎಂದರೆ ಹೆಸರಿಟ್ಟ ಕೆಲಸ. ಹೆಸರು ಹಿಡಿದು ಕರೆದು ಲಿಸ್ಟನ್ನು ಕೊಟ್ಟರೆ ಮಾಡಿಕೊಡುತ್ತದೆ. ಕರೆದಾಗ ತೆರೆಯ ಮೇಲೆ ೧೦೨ ಮೂಡಿತು. ಎರಡು ಪದ್ಯಗಳ ಮೊತ್ತವನ್ನು ಕೂಡಲು ಹೋದರೆ ಮಾತ್ರ ಯಂತ್ರ ಮುಗ್ಗರಿಸಿತು. ಆಕೆ ಫಂಕ್ಷನ್ನಿನ ಕೊನೆಗೆ ಪ್ರಿಂಟ್ ಬರೆದಿದ್ದಳು, ರಿಟರ್ನ್ ಬರೆದಿರಲಿಲ್ಲ. ಲೆಕ್ಕವನ್ನು ಗಟ್ಟಿಯಾಗಿ ಕೂಗಿ, ಹಣವನ್ನು ಮಾತ್ರ ಕೈಗೆ ಕೊಡದ ಗುಮಾಸ್ತನ ರೀತಿ ಇದು.

ಇಂದು ಕೇಳಿದರೆ ಇಡೀ ಪ್ರೋಗ್ರಾಮನ್ನೇ ಬರೆದುಕೊಡುವ ಯಂತ್ರಗಳಿವೆ. ಈ ತಿಣುಕಾಟವೆಲ್ಲ ಏಕೆಂದು ಯಾರಾದರೂ ಕೇಳಬಹುದು. ಬರೆದುಕೊಟ್ಟುದು ೮೮ ಎಂದಾಗ ಅನುಮಾನಪಡುವವರು ಯಾರು?

ಮುಂದಿನ ಅಭ್ಯಾಸ ಇನ್ನೂ ಸ್ವಾರಸ್ಯವಾದುದು. ‘ಕನ್ನಡ’ ಎಂಬ ಪದವನ್ನು ಲಿಸ್ಟ್ ಆಗಿ ಬಿಡಿಸು ಎಂದರೆ ಪೈಥಾನ್ ಐದು ಚೂರುಗಳನ್ನು ಕೊಡುತ್ತದೆ. ನಮ್ಮ ಎಣಿಕೆಯಲ್ಲಿ ಅಕ್ಷರಗಳು ಮೂರೇ. ಒತ್ತಕ್ಷರವಾದ ‘ನ್ನ’ವನ್ನು ನಕಾರ, ವಿರಾಮಚಿಹ್ನೆ, ಮತ್ತೆ ನಕಾರ ಎಂದು ಅದು ಮೂರಾಗಿ ಒಡೆಯುತ್ತದೆ. ಒತ್ತಕ್ಷರದ ಹಿಂದಿನ ‘ಕ’ ಗುರುವಾಗುವುದೆಂಬುದಂತೂ ಪೈಥಾನಿಗೆ ತಾನಾಗಿ ತಿಳಿಯದು. ಛಂದಸ್ಸು ಬಲ್ಲವರೇ ಅದಕ್ಕೆ ಹೇಳಿಕೊಡಬೇಕು. ಲಿಸ್ಟಿನಲ್ಲಿ ೨, ೧, ೧ ಬಂದು ಮೊತ್ತ ೪ ಆಗಬೇಕು. ಆಕೆ ಆ ನಿಯಮವನ್ನು ಹೊಸ ಫಂಕ್ಷನ್ನಿನಲ್ಲಿ ಬರೆಯತೊಡಗಿದ್ದಾಳೆ. ಮೊದಲ ಸಲ ಉತ್ತರ ೩ ಎಂದು ಬಂದಿದೆ. ಲೂಪಿನೊಳಗೆ ಮತ್ತೊಂದು ಪ್ರಿಂಟ್ ಸೇರಿಸಿ ನೋಡಬೇಕಾಗಿದೆ.