ಹಳಸಿದ ಡಬ್ಬಿಯ ಲೆಕ್ಕ

ಬೇಸಿಗೆ ಬಂತೆಂದರೆ ನಮ್ಮ ರೂಮಿನಲ್ಲಿ ಒಂದೇ ಗೋಳು: ಡಬ್ಬಿ ಹಳಸಿತು. ಮೆಸ್ಸಿನವರು ಬೆಳಗಿನ ಜಾವ ನಾಲ್ಕಕ್ಕೇ ಬಿಸಿ ಅನ್ನ-ಸಾರು ತುಂಬಿ ಮುಚ್ಚಿಬಿಡ್ತಾರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಬಿಸಿಲಿನ ಕೆಲಸಕ್ಕೆ ಮಧ್ಯಾಹ್ನ 12.30ರಿಂದ 3ರ ತನಕ ಬಿಡುವು. ಆಗ ಮುಚ್ಚಳ ತೆಗೆದರೆ ಹುಳಿ ವಾಸನೆ.

ಹೋದ ಬೇಸಿಗೆಯಲ್ಲಿ ರೂಮಿನ ಹುಡುಗನೊಬ್ಬನಿಗೆ ನಾವೇ ಹೇಳಿದ್ದೆವು, ‘ಮೆಸ್ ದುಡ್ಡು ಕಟ್ಟಾಗಿದೆ, ದಂಡ ಮಾಡಬೇಡಪ್ಪ’ ಅಂತ. ಪಾಪ, ಹಳಸಿದ್ದನ್ನೇ ಉಂಡ. ವಾಂತಿಭೇದಿಯಾಗಿ ಮೂರು ದಿನ ಮಲಗಿದ. ಮೂರು ದಿನದ ಸಂಬಳವೂ ಹೋಯ್ತು. ದಿನವಿಡೀ ಲೆಕ್ಕ ಬರೆಯೋ ನಮಗೇ ಈ ಲೆಕ್ಕ ತಪ್ಪಿತ್ತು.

ಈಗ ರಜೆ ದಿನ ಎಲ್ಲರೂ ಸೇರಿ ಪುಳಿಯೋಗರೆ ಗೊಜ್ಜು ಕುದಿಸ್ತೀವಿ. ಹುಣಸೆಹಣ್ಣು, ಬೆಲ್ಲ, ಉಪ್ಪು, ಪುಡಿ. ಎಣ್ಣೆ ಮೇಲೆ ತೇಲಬೇಕು. ಫ್ರಿಜ್ಜಿನಲ್ಲಿಟ್ಟರೆ ವಾರ ಬರುತ್ತೆ. ಬೆಳಗ್ಗೆ ಅನ್ನ ತಟ್ಟೆಗೆ ಹರವಿ, ಆರಿದ ಮೇಲೆ ಕಲಸಿ ಡಬ್ಬಿಗೆ. ಕಾಯಿತುರಿ ಬೇಡ, ಬೇಗ ಹಳಸೋದು ಅದೇ. ರಾತ್ರಿ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಡಬ್ಬಿಗೆ ಒತ್ತಿ ಒಂದೇ ಚೀಲದಲ್ಲಿಡಿ.

ಮೊದಲ ದಿನ ಉಂಡು ಬಂದ ಆ ಹುಡುಗ, ‘ಅಣ್ಣ, ಜಾತ್ರೆಗೆ ಅವ್ವ ಕಟ್ಟಿಕೊಡ್ತಿದ್ದ ಬುತ್ತಿ ಥರಾನೇ ಇತ್ತು’ ಅಂದ.

ಇಷ್ಟಾದ ಮೇಲೂ ಡಬ್ಬಿ ವಾಸನೆ ಬಂದರೆ ಚೆಲ್ಲಿಬಿಡಿ. ಅದನ್ನು ನಷ್ಟದ ಖಾತೆಗೆ ಬರೀಬೇಡಿ.