ಕಾಲ ನಿಂತುಹೋದ ಹಳ್ಳಿಯಂತೆ!

ಪ್ರವಾಸ ಕಥನ ಬರೆಯುವವರ ಕೈಗೆ ಸಿಕ್ಕು ಸವೆದುಹೋಗಿರುವ ಮಾತೊಂದಿದೆ: ‘ಇಲ್ಲಿ ಕಾಲ ನಿಂತುಹೋಗಿದೆ.’ ಗ್ರೀಸಿನ ಯಾವ ದ್ವೀಪಕ್ಕೆ ಹೋಗಿಬಂದವರೇ ಆಗಲಿ, ಬಿಳಿಯ ಗೋಡೆ, ನೀಲಿಯ ಕಡಲು, ಜಗಲಿಯ ಮೇಲೆ ಕುಳಿತ ಕಪ್ಪುಡುಗೆಯ ಮುದುಕಿ, ಇಷ್ಟನ್ನು ಬಡಿಸಿ, ಕೊನೆಗೆ ಈ ಮಾತಿನ ಒಗ್ಗರಣೆ ಹಾಕದೆ ಬಿಡುವುದಿಲ್ಲ. ಇಥಾಕ ದ್ವೀಪವಾದರಂತೂ ಮುಗಿದೇಹೋಯಿತು. ಹೋಮರನ ಒಡಿಸ್ಯೂಸ್ ಇಪ್ಪತ್ತು ವರ್ಷಗಳ ಮೇಲೆ ಮರಳಿ ಬಂದ ನೆಲವಲ್ಲವೆ ಅದು! ಬಾಡಿಗೆಯ ಹಾಯಿದೋಣಿಯಲ್ಲಿ ಒಂದು ರಾತ್ರಿ ತಂಗಿದವರೂ ‘ನಾನೂ ಇಥಾಕ ಸೇರಿದೆ’ ಎಂದು ಬರೆದುಬಿಡುತ್ತಾರೆ. ಈ ಮಾತು ಬರಿಯ ಸವಕಲಲ್ಲ, ಸುಳ್ಳು ಎಂಬುದೇ ನನ್ನ ತಕರಾರು.

ಮೊದಲು ಬಿಳಿಯ ಗೋಡೆಯನ್ನೇ ನೋಡಿ. ಅದು ಏಜಿಯನ್ ಕಡಲಿನ ದ್ವೀಪಗಳ ಚಿತ್ರ. ಇಥಾಕ ಇರುವುದು ಆಚೆಯ ಅಯೋನಿಯನ್ ಕಡಲಿನಲ್ಲಿ. ಅಲ್ಲಿ ಕೆಂಪು ಹೆಂಚಿನ ಮನೆಗಳು, ಆಲಿವ್ ತೋಟ, ಸೈಪ್ರೆಸ್ ಮರಗಳ ಹಸಿರು ಗುಡ್ಡ. ಇನ್ನು ಕಾಲ ನಿಂತಿರುವುದೇ ಆದರೆ, ಯಾವ ಕಾಲ? 1797ರವರೆಗೆ ಆಳಿದ ವೆನಿಸ್‌ನವರ ಕಾಲವೆ? 1864ರಲ್ಲಿ ಗ್ರೀಸಿಗೆ ಒಪ್ಪಿಸಿ ಹೋದ ಇಂಗ್ಲಿಷರದೆ? 1941ರಲ್ಲಿ ಬಂದ ಇಟಲಿಯ ಸೈನ್ಯದ್ದೆ, ಅವರ ಬೆನ್ನಿಗೇ ಬಂದ ಜರ್ಮನರದೆ? ಇಷ್ಟು ಸಲ ಯಜಮಾನರು ಬದಲಾದ ಊರಿನಲ್ಲಿ ಕಾಲಕ್ಕೆ ನಿಲ್ಲಲು ಪುರುಸೊತ್ತಾದರೂ ಎಲ್ಲಿತ್ತು?

ನಾನೂ ಹಾಯಿದೋಣಿಯಲ್ಲಿಯೇ ಹೋದವನು. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸುವ, ಅಲ್ಲಿಯವರು ‘ಮಾಯಿಸ್ತ್ರೋ’ ಎನ್ನುವ ಗಾಳಿಯಲ್ಲಿ ಲೆಫ್ಕಾದದಿಂದ ಇಳಿದುಬಂದು ಕಿಯೋನಿ ಎಂಬ ಪುಟ್ಟ ಹಳ್ಳಿಯ ಕೊಲ್ಲಿಯನ್ನು ಹೊಕ್ಕೆವು. ಕೊಲ್ಲಿಯ ಬಾಯಲ್ಲಿ ಮೂರು ಪಾಳು ಗಾಳಿಗಿರಣಿಗಳು. ಅಲ್ಲಿ ಲಂಗರನ್ನು ಎದುರಿಗೆ ಬಿಟ್ಟು, ದೋಣಿಯ ಹಿಂಬದಿಯನ್ನು ಧಕ್ಕೆಗೆ ಕಟ್ಟುತ್ತಾರೆ. ಸಂಜೆಯ ಹೊತ್ತಿಗೆ ಇಪ್ಪತ್ತು ದೋಣಿಗಳು ಒತ್ತಿ ನಿಂತು, ಒಬ್ಬರ ಸರಪಣಿಯ ಮೇಲೆ ಇನ್ನೊಬ್ಬರ ಸರಪಣಿ ಬಿದ್ದಿದ್ದಿತು. ಬೆಳಗ್ಗೆ ಲಂಗರು ಎತ್ತುವಾಗ ನಾಲ್ಕು ಭಾಷೆಯ ಬೈಗುಳ. ಹತ್ತು ಗಂಟೆಗೆ ಧಕ್ಕೆ ಖಾಲಿ. ಹೋದವರೆಲ್ಲ ಊರಿನ ‘ಶಾಂತಿ’ಯನ್ನು ಮೆಚ್ಚಿಕೊಂಡೇ ಹೋದರು.

ನಾನು ಗುಡ್ಡದ ಮೇಲಿನ ಒಂದು ಮನೆಯಲ್ಲಿ ಕೋಣೆ ಹಿಡಿದು ಒಂದು ವಾರ ಉಳಿದೆ. ಎಂಬತ್ತು ದಾಟಿದ ಮನೆಯೊಡತಿ ಆಸ್ಟ್ರೇಲಿಯದ ಧಾಟಿಯಲ್ಲಿ ಇಂಗ್ಲಿಷ್ ಆಡುತ್ತಿದ್ದರು. ಮೆಲ್ಬೋರ್ನಿನಲ್ಲಿ ನಲವತ್ತು ವರ್ಷ ದುಡಿದು ಮರಳಿದವರು. ಬೀದಿಯ ಬೀಗ ಹಾಕಿದ ಮನೆಗಳನ್ನು ಅವರು ಯಜಮಾನರ ಹೆಸರಿನಿಂದ ಗುರುತಿಸುತ್ತಿರಲಿಲ್ಲ. “ಇದು ಮೆಲ್ಬೋರ್ನ್, ಇದು ಜೋಹಾನ್ಸ್‌ಬರ್ಗ್, ಅಗೋ ಮೂಲೆಯದು, ಅದೂ ಮೆಲ್ಬೋರ್ನ್” ಎಂದು ಬೆರಳು ಮಾಡಿ ಹೇಳುತ್ತಿದ್ದರು.

ನಮ್ಮ ಲೇಖಕರು ಮೆಚ್ಚುವ ಶಾಂತಿ ಇದೇ. ಇಥಾಕದವರು ಬಹಳ ಹಿಂದಿನಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿದವರು. ಮೆಲ್ಬೋರ್ನಿನಲ್ಲಿ ಅವರ ಸಂಘ ಹುಟ್ಟಿದ್ದೇ 1916ರಲ್ಲಿ. ಆಮೇಲೆ 1953ರ ಆಗಸ್ಟಿನ ಭೂಕಂಪ. ಕೆಫಲೋನಿಯ, ಜಾಕಿಂಥೋಸ್, ಇಥಾಕ ಮೂರೂ ನಡುಗಿದುವು. ಕಿಯೋನಿಗೆ ಪೆಟ್ಟು ಕಡಿಮೆ. ಆದರೆ ದ್ವೀಪದ ಮುಖ್ಯ ಪಟ್ಟಣ ವಾಥಿಯ ಬಹುಪಾಲು ಮನೆಗಳು ಬಿದ್ದು, ಮತ್ತೆ ಕಟ್ಟಿದವು. ಯಾತ್ರಿಕರು ‘ಪುರಾತನ’ ಎಂದು ಸವರಿನೋಡುವ ಎಷ್ಟೋ ಗೋಡೆಗಳು ನಮ್ಮ ತಂದೆಯವರಿಗಿಂತ ಎಳೆಯವು! ಮನೆ ಕಳೆದುಕೊಂಡವರು ಹಡಗು ಹತ್ತಿದರು. ಈಗ ಇಡೀ ದ್ವೀಪದಲ್ಲಿ ಉಳಿದವರು ಮೂರು ಸಾವಿರದ ಆಸುಪಾಸು. ಜನ ಹೋದ ಮೇಲೆ ಉಳಿಯುವ ಸದ್ದಿಲ್ಲದಿಕೆಗೆ ಶಾಂತಿ ಎಂದು ಹೆಸರಿಟ್ಟು ನಲಿಯುವುದು ಎಂಥ ರಸಿಕತೆ?

ಯಾತ್ರಿಕರ ಹಣದಿಂದಲೇ ಊರು ಉಸಿರಾಡುತ್ತಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಜ. ನನ್ನ ಮನೆಯೊಡತಿಯ ಮಾಡಿನ ಹೆಂಚು ಬದಲಾದದ್ದು ಕೋಣೆಯ ಬಾಡಿಗೆಯಿಂದಲೇ, ಅವರೇ ಹೇಳಿದರು. ಹಣ ಕೊಟ್ಟದ್ದಕ್ಕೆ ಯಾರ ತಕರಾರೂ ಇಲ್ಲ. ಅವರ ಮೇಜಿನಲ್ಲಿ ಉಂಡು, ಊರಿಗೆ ಬಂದು, ಅವರಿಗೆ ಚರಿತ್ರೆಯೇ ಇಲ್ಲವೆಂಬಂತೆ ಬರೆಯುವುದಕ್ಕೆ ನನ್ನ ತಕರಾರು. ಒಡಿಸ್ಯೂಸನ ಹೆಸರು ಹೇಳುವವರು ಅವನ ಕಥೆಯನ್ನಾದರೂ ಓದಬೇಡವೆ? ನಿದ್ದೆಯಲ್ಲಿದ್ದವನನ್ನು ದಡದಲ್ಲಿ ಇಳಿಸಿ ಹೋದಾಗ, ಮಂಜು ಕವಿದ ತನ್ನ ನೆಲದ ಗುರುತು ಅವನಿಗೇ ಹತ್ತಲಿಲ್ಲ. ಎದುರಿಗೆ ಬಂದ ಕುರಿ ಕಾಯುವ ಹುಡುಗನನ್ನು, ಇದು ಯಾವ ನಾಡು, ಇಲ್ಲಿಯ ಜನ ಯಾರು ಎಂದು ಕೇಳಿದ. ಅರಮನೆಗೆ ಹೋಗುವ ಮೊದಲು ಹಂದಿ ಕಾಯುವವನ ಗುಡಿಸಲಿನಲ್ಲಿ ಉಳಿದ. ನಮ್ಮವರಿಗೋ ಕೇಳುವ ಗೊಡವೆಯೇ ಇಲ್ಲ. ಉತ್ತರವನ್ನು ಮನೆಯಿಂದಲೇ ಬರೆದುಕೊಂಡು ಬಂದಿರುತ್ತಾರೆ.

ನಾನು ಹೊರಡುವ ಹಿಂದಿನ ದಿನ ಮನೆಯೊಡತಿ ‘ಮೆಲ್ಬೋರ್ನ್’ ಮನೆಯ ಬೀಗ ತೆಗೆದರು. ಆಗಸ್ಟ್ 15ರ ಮೇರಿಮಾತೆಯ ಹಬ್ಬಕ್ಕೆ ಅವರ ತಂಗಿಯ ಮಕ್ಕಳು ಬರುವವರಿದ್ದರು. ಮುಗ್ಗಲು ಹಿಡಿದ ಹಾಸಿಗೆಗಳನ್ನು ಇಬ್ಬರೂ ಹೊತ್ತು ತಂದು ಜಗಲಿಯ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದೆವು. ಕೆಳಗೆ ಆಗತಾನೆ ಲಂಗರು ಬಿಟ್ಟ ದೋಣಿಯಿಂದ ಯಾರೋ ನಮ್ಮ ಫೋಟೋ ತೆಗೆಯುತ್ತಿದ್ದರು.