ಎಳೆಯೋದು ಸುಲಭ, ನಿಲ್ಲಿಸೋದು ಯಾರು?

ಕಳೆದ ಮಳೆಗಾಲದ ಒಂದು ಸಂಜೆ ಉಳ್ಳಾಲಕ್ಕೆ ಹೋಗುವಾಗ ತೊಕ್ಕೊಟ್ಟು ಫ್ಲೈಓವರ್ ಹತ್ತಿರ ನಮ್ಮ ಬಸ್ ಗಕ್ಕನೆ ನಿಂತಿತು. ಮುಂದೆ ಒಂದು ಹಳೇ ಮಿಲಿಟರಿ ಲಾರಿ, ಶಕ್ತಿಮಾನ್. ಇಂಜಿನ್ ಕೆಟ್ಟಿದ್ದ ಅದನ್ನು ಇನ್ನೊಂದು ಲಾರಿ ಹಗ್ಗ ಕಟ್ಟಿ ಎಳೀತಾ ಇತ್ತು. ಇಳಿಜಾರಿನಲ್ಲಿ ಹಗ್ಗ ಸಡಿಲ ಆಗಿ ಹಿಂದಿನದ್ದು ಹೋಗಿ ಮುಂದಿನದ್ದಕ್ಕೆ ಗುದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. "ಹಗ್ಗ ಸರಿ ಇರ್ಲಿಲ್ಲ ಮಾರಾಯ" ಅಂದರು ಬಸ್ಸಲ್ಲಿದ್ದವರು. ಆದರೆ ಹಗ್ಗ ತುಂಡಾಗಿರಲೇ ಇಲ್ಲ! ತಪ್ಪಿದ್ದು ಲೆಕ್ಕ.

ಶಕ್ತಿಮಾನ್ ಜರ್ಮನಿಯ ಮ್ಯಾನ್ ಕಂಪನಿಯ ಡಿಸೈನ್, ಜಬಲ್ಪುರದಲ್ಲಿ ನಮ್ಮ ಸೇನೆಗಾಗಿ ತಯಾರಾದದ್ದು. ಸೇನೆ ಹರಾಜು ಹಾಕಿದ ಇಂಥ ಲಾರಿಗಳು ಮಲೆನಾಡಿನಲ್ಲಿ ಮರ ಸಾಗಿಸುವ ಕೆಲಸಕ್ಕೆ ಬಂದವು.

ಈಗ ಲೆಕ್ಕ ನೋಡಿ. 5 ಟನ್ ಲಾರಿ ಅಂತ ಇಟ್ಟುಕೊಳ್ಳುವ. ಸಮತಟ್ಟು ರಸ್ತೆಯಲ್ಲಿ ಅದನ್ನು ಎಳೆಯಲು ಹೆಚ್ಚೆಂದರೆ 75 ಕೆಜಿ ಬಲ ಸಾಕು, ನಾಲ್ಕೈದು ಜನ ತಳ್ಳಬಹುದು. ಅದೇ ಲಾರಿಯನ್ನು 0.3 ಜಿ ದರದಲ್ಲಿ ವೇಗ ಇಳಿಸಿ ನಿಲ್ಲಿಸಲು 1500 ಕೆಜಿ ಬಲ ಬೇಕು. 20 ಪಟ್ಟು! ಹಗ್ಗ ಎಳೆಯಬಲ್ಲದು, ಹಿಂದಿನಿಂದ ಬರುವುದನ್ನು ತಡೆಯಲಾರದು. ಗಂಟೆಗೆ 25 ಕಿ.ಮೀ.ನಲ್ಲಿ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಹೋಗ್ತೇವೆ. ಹಿಂದಿನ ಡ್ರೈವರ್ ನೋಡಿ ಬ್ರೇಕ್ ಒತ್ತುವುದಕ್ಕೇ ಅಷ್ಟು ಹೊತ್ತು ಬೇಕು. ಅದೂ ಇಂಜಿನ್ ಆಫ್ ಇದ್ದರೆ ಬ್ರೇಕಿಗೆ ಸಿಗುವ ಗಾಳಿಯ ಸಹಾಯ ಬೇಗ ಖಾಲಿ.

ಹಾಗಾದರೆ ಎಂತ ಮಾಡಬೇಕು? ಹಗ್ಗದ ಬದಲು ಗಟ್ಟಿ ಕಬ್ಬಿಣದ ಟೋ ಬಾರ್, ಅದನ್ನು ಬಂಪರಿಗಲ್ಲ, ಚಾಸಿಯ ಹುಕ್ಕಿಗೆ ಕಟ್ಟಬೇಕು. ಎಳೆಯುವ ಲಾರಿ ಹೆಚ್ಚು ಭಾರ ಇರಬೇಕು. ದೂರ ಹೋಗುವುದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು, ಇಲ್ಲದಿದ್ದರೆ ಇಂಜಿನ್ ತಿರುಗದೆ ಗೇರ್‌ಬಾಕ್ಸಿನ ಮೇಲ್ಭಾಗಕ್ಕೆ ಎಣ್ಣೆ ಸಿಗದೆ ಬೇರಿಂಗ್ ಸುಟ್ಟು ಹೋಗ್ತದೆ. ಹಿಂದಿನ ಲಾರಿಯ ಸೀಟಲ್ಲಿ ಲೈಸೆನ್ಸ್ ಇರುವ ಡ್ರೈವರ್, ನಡುವೆ 5 ಮೀಟರಿಗಿಂತ ಹೆಚ್ಚಿಲ್ಲದ ಅಂತರ, 'ಆನ್ ಟೋ' ಬೋರ್ಡ್: ಇದೆಲ್ಲ 2017ರವರೆಗೆ ಜಾರಿಯಲ್ಲಿದ್ದ 1989ರ ರಸ್ತೆ ನಿಯಮದಲ್ಲೇ ಇತ್ತು. ಬ್ರೇಕೇ ಇಲ್ಲದ ಲಾರಿಯನ್ನು ಮಾತ್ರ ಚಕ್ರದ ಮೇಲೆ ಎಳೆಯಲೇಬಾರದು, ಟ್ರೈಲರ್ ಮೇಲೆ ಹೇರಬೇಕು.

"ಕ್ರೇನಿಗೆ ದುಡ್ಡು ನೀನು ಕೊಡ್ತೀಯಾ?" ಅಂತ ಆ ಡ್ರೈವರಣ್ಣ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅವರದ್ದು ಅವಿವೇಕ ಅಲ್ಲ, ದಿನದ ಬಾಡಿಗೆಯ ಕಷ್ಟ. ಆದರೆ ಒಂದು ಟೋ ಬಾರ್ ಮಾಡಿ, ಲೋಡ್ ಟೆಸ್ಟ್ ಮಾಡಿ, ತೊಕ್ಕೊಟ್ಟಿನ ಲಾರಿಯವರಿಗೆ ಕೊಡುವುದು ನಮ್ಮ ವರ್ಕ್‌ಶಾಪಿಗೆ ಆಗದ ಕೆಲಸವಾ? ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟ್ ಮಾಡ್ತೇವೆ. ಈ ಸಲ ಮಿನಿ ಪ್ರಾಜೆಕ್ಟಿಗೆ ಇದನ್ನು ತೆಗೊಳ್ಳುವ. ಮೆಕ್ಯಾನಿಕಲ್‌ನವರು ಯಾರು ಬರ್ತೀರಿ?